ಪೇಟೆಯ ಗಟಾರ, ಗಡಿಯ ಹೊಳೆ

ಇಚಲಕರಂಜಿ ಪಟ್ಟಣ ಕುಡಿಯುವ ನೀರಿಗಾಗಿ ಇದುವರೆಗೆ ನಾಲ್ಕು ಹೊಳೆಗಳ ಬಾಗಿಲು ತಟ್ಟಿದೆ. ಮೊದಲು ಊರ ಮಗ್ಗುಲಲ್ಲೇ ಹರಿಯುವ ಪಂಚಗಂಗೆಯ ನೀರು ಕುಡಿಯುತ್ತಿತ್ತು. ಅದು ಕೆಟ್ಟಿತು. ಶಿರೋಳ ತಾಲ್ಲೂಕಿನ ಮಜರೇವಾಡಿಯಿಂದ ಕೃಷ್ಣೆಯ ನೀರನ್ನು ಕೊಳವೆಯಲ್ಲಿ ತಂದರು. ಅದೂ ಸಾಲದಾಯಿತು, ಹಳೇ ಕೊಳವೆ ಮೇಲಿಂದ ಮೇಲೆ ಒಡೆಯತೊಡಗಿತು. ವಾರಣೆಯ ದಂಡೆಯ ದಾನೋಳಿಯಿಂದ ತರುತ್ತೇವೆಂದು ಯೋಜನೆ ಹಾಕಿದರು. ಅಲ್ಲಿಯ ರೈತರು ಅಡ್ಡ ನಿಂತರು. ಕೊನೆಗೆ ಕಾಗಲ ತಾಲ್ಲೂಕಿನ ಸುಳಕೂಡದ ಹತ್ತಿರ ದೂಧಗಂಗೆಯಿಂದ ನೀರೆತ್ತುವ ಯೋಜನೆ ಅಮೃತ್ ಎರಡನೆಯ ಹಂತದಲ್ಲಿ ಮಂಜೂರಾಯಿತು. ಅದಕ್ಕೂ ಕಾಗಲ ಕಡೆಯ ಹಳ್ಳಿಗಳು ತಕರಾರು ಎತ್ತಿದವು.

ಕೊಲ್ಲಾಪುರದ ಕಥೆಯೂ ಇದೇ ದಾರಿಯದು. ಶಿಂಗಣಾಪುರ, ಬಾಲಿಂಗೆಗಳಲ್ಲಿ ಪಂಚಗಂಗಾ-ಭೋಗಾವತಿಗಳಿಂದ ನೀರೆತ್ತುತ್ತಿದ್ದ ಆ ನಗರಕ್ಕೆ, ದೂಧಗಂಗೆಯ ಕಾಳಮ್ಮವಾಡಿ ಅಣೆಕಟ್ಟಿನಿಂದಲೇ ನೇರ ಕೊಳವೆ ಹಾಕುವ ಯೋಜನೆ 2013ರಲ್ಲಿ ಮಂಜೂರಾಯಿತು. ಸುಮಾರು 53 ಕಿಲೋಮೀಟರು ಕೊಳವೆ, ನಾನೂರೆಂಬತ್ತು ಕೋಟಿಗೂ ಮಿಕ್ಕಿದ ಅಂದಾಜು. ನೀರು ನಗರ ಮುಟ್ಟಿದ್ದು ಹತ್ತು ವರ್ಷದ ಮೇಲೆ, 2023ರ ನವೆಂಬರಿನಲ್ಲಿ. ಕೊಲ್ಲಾಪುರದ ಜನ ಶುದ್ಧ ನೀರು ಕುಡಿದರೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ನೀರಡಿಸಿದವರಿಗೆ ನೀರು ಇಲ್ಲವೆನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಆದರೆ ಮನೆ ಮುಂದಿನ ಬಾವಿಯನ್ನು ಕೆಡಿಸಿಕೊಂಡು, ಅದನ್ನು ತೊಳೆಯುವ ಗೊಡವೆಗೆ ಹೋಗದೆ, ನೆರೆಯವರ ಬಾವಿಗೆ ಹಗ್ಗ ಬಿಡುವುದು ಎಷ್ಟು ಸಲ ನಡೆದೀತು? ಕೇಳಬೇಕಾದ ಪ್ರಶ್ನೆ ಇದು.

ನಮ್ಮಲ್ಲಿ ಕೆಲವರು ಅನ್ನುತ್ತಾರೆ, "ಅವರ ಊರಿನ ಗಟಾರ ಅವರು ನೋಡ್ಕೋತಾರ, ನಮಗ್ಯಾಕ್ರಿ ಅದರ ಉಸಾಬರಿ?" ಉಸಾಬರಿ ನಮ್ಮದೇ. ಪಂಚಗಂಗೆ ಕೊಲ್ಲಾಪುರದಲ್ಲಿ ನಿಲ್ಲುವುದಿಲ್ಲ. ಇಚಲಕರಂಜಿಯನ್ನು ಹಾಯ್ದು ನರಸೋಬವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ. ಕೃಷ್ಣೆ ರಾಜಾಪುರದ ಬಾಂದಾರ ದಾಟಿದಳೆಂದರೆ ಮುಂದೆ ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ ಸೀಮೆ. ದೂಧಗಂಗೆಯಂತೂ ಸದಲಗಾ ಊರಿನ ಹೊಳೆಯೇ. ಅದರ ಯೋಜನೆ ಎರಡೂ ರಾಜ್ಯಗಳ ಕೂಡು ಯೋಜನೆ, ಅದರಲ್ಲಿ ಕರ್ನಾಟಕಕ್ಕೆ 4 ಟಿಎಂಸಿ ಪಾಲು ಇದೆ. ಗಡಹಿಂಗ್ಲಜದ ಮಗ್ಗುಲ ಹಿರಣ್ಯಕೇಶಿ ಸಂಕೇಶ್ವರಕ್ಕೆ ಬಂದು, ಘಟಪ್ರಭೆಯ ಜೊತೆಗೂಡಿ ಗೋಕಾಕದ ಕಡೆ ಹರಿಯುತ್ತದೆ. ಮೂರು ಪೇಟೆಗಳ ಮೂರು ಹೊಳೆಗಳೂ ಬಂದು ಮುಟ್ಟುವುದು ನಮ್ಮ ಹೊಲವನ್ನು, ನಮ್ಮ ನಳವನ್ನು.

ಇದನ್ನು ಭಾಷೆಯ ಜಗಳವಾಗಿ ಯಾರೂ ಓದಬಾರದು. ಬೆಲ್ಲದ ಗಾಡಿ ಹೂಡಿಕೊಂಡು ಶಾಹುಪುರಿ ಪೇಟೆಗೆ ಹೋದ ಹಿರಿಯರ ಮಕ್ಕಳು ನಾವು. ನಿಪ್ಪಾಣಿ, ಚಿಕ್ಕೋಡಿಯ ಬಟ್ಟೆ ಅಂಗಡಿಯವರು ಮಾಲು ತರುವುದು ಗಾಂಧಿನಗರದಿಂದ, ಇಚಲಕರಂಜಿಯಿಂದ. ಸಂಕೇಶ್ವರಿ ಮೆಣಸಿನಕಾಯಿಗೆ ಗಡಹಿಂಗ್ಲಜದಲ್ಲಿ ತೂಕ ಹಿಡಿಯುವವನಿಗೂ ಕನ್ನಡ ಬರುತ್ತದೆ. ರಾಯಬಾಗ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನದ್ದೇ. ಹೆಣ್ಣು ಕೊಟ್ಟು ತಂದ ಬೀಗರ ಊರು ಅದು. ಬೀಗರಿಗೆ ಹೇಳುವ ಹಾಗೆ, ಮುಖ ನೋಡಿ ನೇರವಾಗಿ ಹೇಳಬೇಕಾದ ಮಾತು ಇದು.

ಕೃಷ್ಣೆಯ ನೀರಿನ ಹಂಚಿಕೆಯಲ್ಲಿ ನಮ್ಮ ಕಡೆಯ ರೈತರು ಟಿಎಂಸಿ ಲೆಕ್ಕವನ್ನು ಬಾಯಿಪಾಠ ಹೇಳುತ್ತಾರೆ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪು ಕೊಟ್ಟು 1976ರಲ್ಲಿ ಅದನ್ನು ಪೂರ್ತಿ ಮಾಡಿತು. ಆ ತೀರ್ಪಿನಲ್ಲಿ ಬಹಳ ಮಂದಿ ಗಮನಿಸದ ಒಂದು ಕಲಮು ಇದೆ. ಊರಿನ ಕುಡಿಯುವ ನೀರಿಗೆಂದು ಹೊಳೆಯಿಂದ ನೂರು ಪಾಲು ಎತ್ತಿದರೆ, ಅದರಲ್ಲಿ ಇಪ್ಪತ್ತು ಪಾಲನ್ನು ಮಾತ್ರ ಖರ್ಚೆಂದು ಬರೆದುಕೊಳ್ಳಬೇಕು. ಕಾರ್ಖಾನೆಗೆ ಎತ್ತಿದ ನೀರಾದರೆ ನೂರಕ್ಕೆ ಎರಡೂವರೆ ಪಾಲು ಮಾತ್ರ ಖರ್ಚು. ಅಂದರೆ ಪೇಟೆ ಎತ್ತಿದ ನೀರಿನ ಎಂಬತ್ತು ಪಾಲು ಮತ್ತೆ ಹೊಳೆಗೇ ಬರುತ್ತದೆ ಎಂದು ಹಿಡಿದ ಲೆಕ್ಕ ಅದು. ಲೆಕ್ಕ ತಪ್ಪಿಲ್ಲ, ನೀರು ಬರುತ್ತದೆ. ಆದರೆ ಏನಾಗಿ ಬರುತ್ತದೆ? ಸ್ನಾನದ ನೀರು, ಪಾಯಿಖಾನೆ ನೀರು, ಬಣ್ಣದ ನೀರು, ಸಂತೆಯ ಕೊಳೆ ಆಗಿ ಬರುತ್ತದೆ. ಪುಸ್ತಕದಲ್ಲಿ ಅದು ನಮ್ಮ ಪಾಲಿಗೆ ಜಮೆ. ಹೊಲದಲ್ಲಿ ಅದು ನಮ್ಮ ಪಾಲಿಗೆ ರೋಗ.

ದೂಧಗಂಗೆಯ ವಿಷಯದಲ್ಲಿ ಇನ್ನೂ ಒಂದು ತೊಡಕು. ಕಾಳಮ್ಮವಾಡಿಯಿಂದ ಕೊಲ್ಲಾಪುರಕ್ಕೆ ಹೋದ ನೀರು ಬಳಕೆಯಾದ ಮೇಲೆ ದೂಧಗಂಗೆಗೆ ಮರಳುವುದಿಲ್ಲ, ಪಂಚಗಂಗೆಗೆ ಇಳಿಯುತ್ತದೆ. ಸುಳಕೂಡದ ನೀರು ಇಚಲಕರಂಜಿಗೆ ಹೋದರೂ ಅದೇ ಗತಿ. ದೂಧಗಂಗೆ ದಂಡೆಯವನಿಗೆ ನೀರು ಕಡಿಮೆ, ಕೃಷ್ಣೆ ದಂಡೆಯವನಿಗೆ ಕೊಳೆ ಹೆಚ್ಚು. ಇಬ್ಬರೂ ನಮ್ಮವರೇ. ನೀರು ಕೊಡುವ ಮಾತು ಬಂದಾಗ ಕೊಳೆಯ ಮಾತನ್ನೂ ಕೂಡಿಸಿ ಆಡಬೇಕು ಎನ್ನುವುದು ಇದಕ್ಕೇ.

ಕೊಲ್ಲಾಪುರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ನಗರದ ಕೊಳೆ ಮುಖ್ಯವಾಗಿ ಜಯಂತಿ ನಾಲೆ, ದುಧಾಳಿ ನಾಲೆಗಳಲ್ಲಿ ಹರಿದು ಹೊಳೆ ಸೇರುತ್ತಿತ್ತು. ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ಕಸಬಾ ಬಾವಡಾದಲ್ಲಿ ದಿನಕ್ಕೆ 7 ಕೋಟಿ 60 ಲಕ್ಷ ಲೀಟರ್ ಶುದ್ಧ ಮಾಡುವ ಘಟಕ ಕಟ್ಟಿದರು. ಆಮೇಲೆ ದುಧಾಳಿಯಲ್ಲಿ 1 ಕೋಟಿ 70 ಲಕ್ಷ ಲೀಟರಿನದು. ಪಂಚಗಂಗೆಯ ಮಾಲಿನ್ಯದ ದಾವೆ ಮುಂಬಯಿ ಹೈಕೋರ್ಟಿಗೂ ಹೋಗಿದೆ. ಇದೆಲ್ಲ ಅಲ್ಲಿಯ ನಾಗರಿಕರೇ ಹಟ ಹಿಡಿದು ಮಾಡಿಸಿದ ಕೆಲಸ, ಅವರಿಗೆ ಶರಣು ಅನ್ನಬೇಕು. ಆದರೆ ಘಟಕ ಕಟ್ಟುವುದು ಒಂದು, ಪ್ರತಿ ಮನೆಯ ಗಟಾರವನ್ನು ಘಟಕಕ್ಕೆ ಮುಟ್ಟಿಸುವುದು ಇನ್ನೊಂದು, ಪಂಪು ದಿನದ ಇಪ್ಪತ್ನಾಲ್ಕು ತಾಸು ನಡೆಸುವುದು ಮತ್ತೊಂದು. ಕರೆಂಟು ಹೋದಾಗ ನಾಲೆಗೆ ಕಟ್ಟಿದ ಒಡ್ಡಿನ ಮೇಲಿಂದ ಕೊಳೆ ಹೊರಳಿ ಹೊಳೆಗೆ ಬಿದ್ದರೆ, ಕೋಟಿಗಟ್ಟಲೆ ಹಣದ ಘಟಕ ದಂಡೆಯ ಮೇಲೆ ನಿಂತು ನೋಡಬೇಕಾಗುತ್ತದೆ.

ಇನ್ನು ನಗರದ ಎಲ್ಲೆಯ ಪ್ರಶ್ನೆ. ಕೊಲ್ಲಾಪುರ 1972ರಲ್ಲಿ ಮಹಾನಗರಪಾಲಿಕೆ ಆಯಿತು. ಆಗಿನ ಎಲ್ಲೆ ಸುಮಾರು 67 ಚದರ ಕಿಲೋಮೀಟರು. ಜನ ಬೆಳೆದರು, 2011ರ ಜನಗಣತಿಗೆ ಐದೂವರೆ ಲಕ್ಷ ಮುಟ್ಟಿದರು, ಎಲ್ಲೆ ಮಾತ್ರ ದಶಕಗಟ್ಟಲೆ ಬೆಳೆಯಲಿಲ್ಲ. ಪಾಚಗಾಂವ, ಕಳಂಬಾ, ಉಚಗಾಂವದಂಥ ಹಳ್ಳಿಗಳು ಬಂಗಲೆ, ಅಪಾರ್ಟ್‌ಮೆಂಟುಗಳಿಂದ ತುಂಬಿದವು. ಹೆಸರಿಗೆ ಗ್ರಾಮ ಪಂಚಾಯ್ತಿ, ನೋಟಕ್ಕೆ ಪೇಟೆ. ಹದ್ದು ಬೆಳೆಸುವ ಪ್ರಸ್ತಾಪ ಬಂದಾಗಲೆಲ್ಲ ಹಳ್ಳಿಯವರು ಬೇಡವೆಂದರು. ಕೊನೆಗೆ 2017ರಲ್ಲಿ 42 ಹಳ್ಳಿಗಳನ್ನು ಕೂಡಿಸಿ ನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮಾಡಿದರು.

ಹಳ್ಳಿಯವರ ಅಂಜಿಕೆ ಸುಳ್ಳಲ್ಲ, ರೈತರಾದ ನಮಗೆ ಅದು ಗೊತ್ತು. ನಗರ ಬಂದರೆ ಘರಪಟ್ಟಿ ಏರುತ್ತದೆ, ಹೊಲದ ಮೇಲೆ ರಸ್ತೆಯ ಗೆರೆ ಬೀಳುತ್ತದೆ, ನಳ ಮತ್ತು ಗಟಾರ ಮಾತ್ರ ಹತ್ತು ವರ್ಷ ತಡವಾಗಿ ಬರುತ್ತವೆ. "ಮೊದಲು ಒಳಗಿನವರಿಗೆ ಸರಿಯಾಗಿ ಕೊಡ್ರಿ, ಆಮ್ಯಾಲೆ ನಮ್ಮನ್ನ ಕರೀರಿ" ಎಂದು ಅವರು ಅಂದರೆ ತಪ್ಪು ಹುಡುಕಲಾಗದು. ಆದರೆ ಹರಿಯುವ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕಿಲ್ಲ. ಪಾಲಿಕೆಯ ಎಲ್ಲೆಯ ಕಲ್ಲು ಎಲ್ಲಿದ್ದರೂ ಆ ಹಳ್ಳಿಗಳ ಕೊಳೆಯೂ ಇಳಿಯುವುದು ತಗ್ಗಿಗೇ, ತಗ್ಗಿನಲ್ಲಿರುವುದು ಹೊಳೆಯೇ. ಪಾಲಿಕೆ ನನ್ನದಲ್ಲ ಅನ್ನುತ್ತದೆ, ಪಂಚಾಯ್ತಿ ನನ್ನ ಹತ್ತಿರ ದುಡ್ಡಿಲ್ಲ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಕೊಳೆ ಸದ್ದಿಲ್ಲದೆ ನಮ್ಮ ಕಡೆ ನಡೆದು ಬರುತ್ತದೆ.

ಇಚಲಕರಂಜಿಯ ಸಂಕಟ ಇನ್ನೂ ಗಟ್ಟಿಯಾದದ್ದು. 1904ರಲ್ಲಿ ಅಲ್ಲಿ ಮೊದಲ ವಿದ್ಯುತ್ ಮಗ್ಗ ನಡೆಯಿತು. ಇಂದು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಹೆಸರು ಆ ಊರಿಗಿದೆ. ಮಗ್ಗದ ಹಿಂದೆ ಸೈಜಿಂಗ್ ಬಂತು, ಬಣ್ಣ ಹಾಕುವ ಪ್ರೊಸೆಸಿಂಗ್ ಬಂತು. ಊರಿನ ಕೊಳೆ ಒಯ್ಯುವ ನಾಲೆಗೆ ಜನ ಇಟ್ಟ ಹೆಸರೇ 'ಕಾಳಾ ಓಢಾ', ಅಂದರೆ ಕರಿಹಳ್ಳ. 2012ರ ಬೇಸಿಗೆಯಲ್ಲಿ ಕಾಮಾಲೆ ಬಂದು ಅಲ್ಲಿ ಸಾವಿರಾರು ಜನ ಮಲಗಿದರು, ಹಲವರು ಸತ್ತರು. ಕೆಟ್ಟ ನೀರಿನ ಮೊದಲ ಪೆಟ್ಟು ತಿಂದವರು ಆ ಊರಿನ ಬಡವರೇ ಹೊರತು ದೂರದವರಲ್ಲ ಎಂಬುದನ್ನು ಮರೆಯಬಾರದು. ಮಗ್ಗ ನಡೆಸುವ ಕೂಲಿಗಾರರಲ್ಲಿ ನಮ್ಮ ಕಡೆಯಿಂದ ದುಡಿಯಲು ಹೋದವರೂ ಇದ್ದಾರೆ.

ಕೊಲ್ಲಾಪುರ ಮಾದರಿಯ ಬಾಂದಾರ ನಮ್ಮ ಕಡೆಯ ಹೊಳೆಗಳಿಗೂ ಬಂದ ಒಳ್ಳೆಯ ಕಲೆ. ಮಳೆ ಮುಗಿದ ಮೇಲೆ ಹಲಗೆ ಕೂಡಿಸಿ ನೀರು ನಿಲ್ಲಿಸುತ್ತಾರೆ, ಮುಂಗಾರಿನ ಮೊದಲು ಹಲಗೆ ತೆಗೆಯುತ್ತಾರೆ. ಅದೇ ಬಾಂದಾರದಲ್ಲಿ ಬೇಸಿಗೆಗೆ ಕೊಳೆ ನಿಂತರೆ ನೀರು ಉಸಿರು ಕಟ್ಟುತ್ತದೆ, ಜಲಪರ್ಣಿ ಹಬ್ಬುತ್ತದೆ. ತೇರವಾಡದ ಬಾಂದಾರದಲ್ಲಿ ಮೀನು ಸತ್ತು ತೇಲಿದ್ದು ಒಂದೆರಡು ಸಲವಲ್ಲ. ಆ ಬಾಂದಾರದಿಂದ ಕೃಷ್ಣೆ ಎಷ್ಟು ದೂರ? ಬರ ಬಿದ್ದ ವರ್ಷ ನಮ್ಮ ಸರ್ಕಾರ ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತದೆ. ಎಷ್ಟು ಟಿಎಂಸಿ ಎಂದು ಕೇಳುತ್ತೇವೆ. ಎಂಥ ನೀರು ಎಂದು ಒಮ್ಮೆಯಾದರೂ ಕೇಳುವ ರೂಢಿ ನಮ್ಮಲ್ಲಿ ಬೆಳೆದಿಲ್ಲ.

ಹೊಳೆಯ ಜಾಗ ಒತ್ತಿದರೆ ಹೊಳೆ ಸುಮ್ಮನಿರುವುದಿಲ್ಲ. ರಾಜಾರಾಮ ಬಾಂದಾರದಲ್ಲಿ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟಿನಲ್ಲಿ ನೀರು 55 ಅಡಿ ದಾಟಿತು. 2021ರ ಜುಲೈನಲ್ಲಿ 56 ಅಡಿ ದಾಟಿತು. ಎರಡು ಸಲವೂ ಶಿರೋಲಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿ ಮುಳುಗಿ ಲಾರಿಗಳು ಸಾಲುಗಟ್ಟಿ ನಿಂತವು, ನಮ್ಮ ವ್ಯಾಪಾರಸ್ಥರ ಮಾಲು ದಾರಿಯಲ್ಲೇ ಕೊಳೆಯಿತು. ಇತ್ತ ಯಮಗರ್ಣಿಯಲ್ಲಿ ವೇದಗಂಗೆಯೂ ರಸ್ತೆ ಹಿಡಿಯಿತು. ಮಹಾಪೂರ ಬಂದಾಗಲೆಲ್ಲ ಆ ಕಡೆಯವರು ಆಲಮಟ್ಟಿಯ ಕಡೆ ಬೆರಳು ಮಾಡುತ್ತಾರೆ, ಈ ಕಡೆಯವರು ಕೊಯ್ನಾದ ಕಡೆ. ಮಳೆ ವಿಪರೀತ ಬಿದ್ದದ್ದು ನಿಜ. ಹೊಳೆಯ ಹೊಟ್ಟೆಯೊಳಗೆ ಮಣ್ಣು ತುಂಬಿ ಮನೆ ಕಟ್ಟಲು ಪರವಾನಗಿ ಕೊಟ್ಟ ಕಾಗದಗಳೂ ನಿಜ. ಆ ಕಾಗದಗಳ ಮೇಲೆ ಯಾವ ಅಣೆಕಟ್ಟಿನ ಸಹಿಯೂ ಇರುವುದಿಲ್ಲ, ಪೇಟೆಯ ಕಚೇರಿಯ ಸಹಿಯೇ ಇರುತ್ತದೆ.

ಮಂದಿಗೆ ಬುದ್ಧಿ ಹೇಳುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸುವವರ ಮಾತನ್ನು ಯಾರೂ ಕೇಳುವುದಿಲ್ಲ. ಬೆಳಗಾವಿಯ ಕೊಳೆ ಬಳ್ಳಾರಿ ನಾಲೆಯಲ್ಲಿ ಹರಿದು ಮಳೆಗಾಲದಲ್ಲಿ ರೈತರ ಭತ್ತದ ಗದ್ದೆಗೆ ನುಗ್ಗುತ್ತದೆ. ಅದನ್ನು ಶುದ್ಧ ಮಾಡಲು ಹಲಗಾದಲ್ಲಿ ಘಟಕ ಕಟ್ಟಲು ಹೋದವರು ಫಲವತ್ತಾದ ಭೂಮಿಗೇ ಕೈ ಹಾಕಿದರು, ರೈತರು ಕೋರ್ಟು ಹತ್ತಿದರು. ಗಡಹಿಂಗ್ಲಜದ ಗಟಾರ ಹಿರಣ್ಯಕೇಶಿಗೆ ಇಳಿಯುತ್ತದೆ ಎಂದು ದೂರುವ ಸಂಕೇಶ್ವರದ ಗಟಾರ ಎಲ್ಲಿಗೆ ಹೋಗುತ್ತದೆ? ಕಾವೇರಿಯಲ್ಲಂತೂ ನಾವೇ ಮೇಲಿನವರು. ಕರ್ನಾಟಕ ಹೊಳೆಗೆ ಕೊಳೆ ಬಿಡುತ್ತಿದೆ ಎಂದು ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಬೆಂಗಳೂರಿನ ವೃಷಭಾವತಿ ಅರ್ಕಾವತಿಯನ್ನು ಸೇರಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಅಲ್ಲಿ ನಾವು ಯಾವ ಉತ್ತರ ಕೊಡುತ್ತೇವೋ, ಇಲ್ಲಿ ನಮಗೂ ಅದೇ ಉತ್ತರ ಸಿಗುತ್ತದೆ. ಕೃಷ್ಣೆಯೂ ನಮ್ಮಲ್ಲಿ ಕೊನೆಯಾಗುವುದಿಲ್ಲ. ರಾಯಚೂರು ದಾಟಿ ಗದ್ವಾಲ, ಶ್ರೀಶೈಲ, ವಿಜಯವಾಡದ ರೈತರಿಗೆ ಹೋಗುತ್ತಾಳೆ. ತೆಲುಗಿನಲ್ಲಿ 'ಏರು' ಎಂದರೆ ಹೊಳೆಯೂ ಹೌದು, ಎತ್ತು ಕಟ್ಟಿದ ನೇಗಿಲೂ ಹೌದು. ಒಂದು ಕೆಟ್ಟರೆ ಇನ್ನೊಂದು ನಿಲ್ಲುತ್ತದೆ ಎಂಬುದು ಆ ಕಡೆಯ ಒಕ್ಕಲಿಗನಿಗೂ ಗೊತ್ತು.

ದಾರಿ ಇಲ್ಲವೇ? ಇದೆ. ಸೂರತ್ ಕೂಡ ಬಟ್ಟೆಯ ಊರೇ. ಅಲ್ಲಿಯ ಪಾಲಿಕೆ 2014ರಿಂದ ಗಟಾರದ ನೀರನ್ನು ಮೂರನೆಯ ಹಂತದವರೆಗೆ ಶುದ್ಧ ಮಾಡಿ ಪಾಂಡೇಸರಾದ ಬಟ್ಟೆ ಕಾರ್ಖಾನೆಗಳಿಗೆ ಮಾರುತ್ತಿದೆ. ಕೊಳೆಯೇ ಪಾಲಿಕೆಗೆ ಆದಾಯವಾಯಿತು, ಕಾರ್ಖಾನೆಗೆ ಕುಡಿಯುವ ನೀರು ಕೊಡುವ ಗರಜು ಕಡಿಮೆಯಾಯಿತು. ವ್ಯಾಪಾರ ಬಲ್ಲ ಇಚಲಕರಂಜಿಗೆ ಈ ಲೆಕ್ಕ ಕಲಿಸಬೇಕಾಗಿಲ್ಲ. ನಮ್ಮ ರಾಜ್ಯದಲ್ಲೇ, ಕನ್ನಡ ತೆಲುಗು ಎರಡೂ ಆಡುವ ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಶುದ್ಧ ಮಾಡಿದ ನೀರು ಹರಿಯುತ್ತಿದೆ. ಒಣಗಿದ ಕೆರೆ ತುಂಬಿದ್ದಕ್ಕೆ ಸಂತೋಷಪಟ್ಟ ರೈತರಿದ್ದಾರೆ. ಎರಡನೆಯ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲೇಬೇಕು ಎಂದು ಹೋರಾಡಿದವರೂ ಇದ್ದಾರೆ, ಮಾತು ಕೋರ್ಟಿನವರೆಗೂ ಹೋಯಿತು. ಎರಡೂ ಕಡೆಯವರಿಂದ ಕಲಿಯುವುದಿದೆ: ಕೊಳೆ ನೀರೂ ಸಂಪತ್ತು, ಆದರೆ ಅರೆಬರೆ ತೊಳೆದರೆ ಅದು ಸಾಲದಂತೆ ಬಡ್ಡಿ ಬೆಳೆಸುತ್ತದೆ.

ಹಾಗಾದರೆ ಗಡಿಯ ರೈತರು, ವ್ಯಾಪಾರಸ್ಥರು ಕೇಳಬೇಕಾದದ್ದು ಏನು? ಮೊದಲನೆಯದು, ಲೆಕ್ಕ. ರಾಜಾಪುರ ಬಾಂದಾರದಲ್ಲಿ, ಸದಲಗಾದಲ್ಲಿ, ಸಂಕೇಶ್ವರದಲ್ಲಿ ತಿಂಗಳಿಗೊಮ್ಮೆ ಎರಡೂ ರಾಜ್ಯಗಳ ಅಧಿಕಾರಿಗಳು ಕೂಡಿಯೇ ನೀರು ತೆಗೆದು ಪರೀಕ್ಷೆ ಮಾಡಿಸಲಿ. ಫಲಿತಾಂಶವನ್ನು ಕನ್ನಡ ಮರಾಠಿ ಎರಡರಲ್ಲೂ ಬರೆದು ಗ್ರಾಮ ಪಂಚಾಯ್ತಿಯ ಗೋಡೆಗೆ, ಎಪಿಎಂಸಿಯ ಹಲಗೆಗೆ ಹಚ್ಚಲಿ. ಬೆಲ್ಲದ ದರ ದಿನಾ ಬರೆಯುವ ಹಲಗೆಯ ಮೇಲೆ ನೀರಿನ ಗುಣ ತಿಂಗಳಿಗೊಮ್ಮೆ ಬರೆಯಲು ಏನು ಅಡ್ಡಿ?

ಎರಡನೆಯದು, ಕೂಡಿ ಕೂರುವ ಜಾಗ. ಮಹಾಪೂರದ ಪೆಟ್ಟು ಬಿದ್ದ ಮೇಲೆ ಅಣೆಕಟ್ಟಿನ ನೀರು ಬಿಡುವ ವಿಷಯದಲ್ಲಿ ಎರಡೂ ರಾಜ್ಯದ ಅಧಿಕಾರಿಗಳು ಮಾತಾಡಿಕೊಳ್ಳುವುದನ್ನು ಕಲಿತಿದ್ದಾರೆ. ಅದೇ ಕುರ್ಚಿಗಳಲ್ಲಿ ಬೇಸಿಗೆಯಲ್ಲೂ ಒಮ್ಮೆ ಕೂತು ಕೊಳೆಯ ಮಾತು ಆಡಲಿ. ಆ ಸಭೆಯಲ್ಲಿ ಕೊಲ್ಲಾಪುರ, ಇಚಲಕರಂಜಿ, ಬೆಳಗಾವಿಯ ಪಾಲಿಕೆಗಳಿರಲಿ. ಗಡಹಿಂಗ್ಲಜ, ನಿಪ್ಪಾಣಿ, ಸಂಕೇಶ್ವರದಂಥ ಸಣ್ಣ ಊರುಗಳೂ ಇರಲಿ, ದಂಡೆಯ ರೈತರ ಪ್ರತಿನಿಧಿಗಳೂ ಇರಲಿ.

ಮೂರನೆಯದು, ಶರತ್ತು. ಹೊಸ ಹೊಳೆಯಿಂದ ನೀರು ಬೇಕೆನ್ನುವ ಪೇಟೆ ಹಳೇ ಹೊಳೆಗೆ ಬಿಡುವ ಕೊಳೆಗೆ ಏನು ಮಾಡಿದೆ ಎಂಬುದನ್ನು ತೋರಿಸಿದ ಮೇಲೆಯೇ ಸರ್ಕಾರ ಹಣ ಬಿಡಲಿ. ಹದ್ದು ಬೆಳೆಸುವುದಾದರೆ ಮೊದಲು ಗಟಾರ, ಆಮೇಲೆ ಘರಪಟ್ಟಿ. ಗಡಹಿಂಗ್ಲಜದಂಥ ಊರು ಇನ್ನೂ ಸಣ್ಣದು, 2011ರಲ್ಲಿ ಮೂವತ್ತು ಸಾವಿರದೊಳಗಿನ ಜನ. ಅಲ್ಲಿ ಇಂದು ಆಗುವ ಕೆಲಸಕ್ಕೆ ಬೇಕಾಗುವ ದುಡ್ಡು ನಾಳೆ ಊರು ಕೊಲ್ಲಾಪುರದಷ್ಟು ಬೆಳೆದ ಮೇಲೆ ಬೇಕಾಗುವ ದುಡ್ಡಿನ ಒಂದು ಮೂಲೆಗೂ ಬಾರದು. ಸುಸ್ಥಿರ ಅಭಿವೃದ್ಧಿ ಎಂಬ ದೊಡ್ಡ ಮಾತು ಭಾಷಣಗಳಲ್ಲಿ ಕೇಳುತ್ತೇವೆ. ಬಿತ್ತುವ ಬೀಜ ತಿಂದು ಮುಗಿಸಬಾರದು ಎಂದು ನಮ್ಮ ಅಜ್ಜಂದಿರು ಹೇಳಿದ್ದು ಅದನ್ನೇ.

1992ರ ಎಪ್ಪತ್ತನಾಲ್ಕನೆಯ ತಿದ್ದುಪಡಿ ನಗರಗಳಿಗೆ ತಮ್ಮ ಆಡಳಿತ ತಾವು ಮಾಡಿಕೊಳ್ಳುವ ಹಕ್ಕು ಕೊಟ್ಟಿತು. ಆದರೆ ಕೊಲ್ಲಾಪುರದ ಪಾಲಿಕೆ 2020ರಲ್ಲಿ ಅವಧಿ ಮುಗಿದ ಮೇಲೆ ಐದು ವರ್ಷ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಇಚಲಕರಂಜಿ 2022ರಲ್ಲಿ ಪಾಲಿಕೆ ಆದರೂ ಅದರ ಮೊದಲ ಚುನಾವಣೆ ಎರಡೂ ಊರುಗಳಿಗೆ ಕೂಡಿ 2026ರ ಜನವರಿಯಲ್ಲಿ ನಡೆಯಿತು. ಕೇಳಲು ಒಂದು ಬಾಗಿಲು ಮತ್ತೆ ತೆರೆದಿದೆ. ಗಡಿಯ ಈಚೆಗಿನ ನಮಗೆ ಆ ಪಾಲಿಕೆಗಳಲ್ಲಿ ಮತ ಇಲ್ಲ. ಆದರೆ ಆ ಪೇಟೆಗಳಲ್ಲಿ ನಮ್ಮ ವ್ಯವಹಾರ ಇದೆ, ಬೀಗತನ ಇದೆ, ಆಡುವ ಮಾತು ಎರಡೂ ಬರುತ್ತವೆ. ಶಾಹುಪುರಿಯ ಅಡತಿ ಅಂಗಡಿಯಲ್ಲಿ ಬೆಲ್ಲದ ಪಟ್ಟಿ ಮಾಡಿಸುವಾಗ, ಇಚಲಕರಂಜಿಯಲ್ಲಿ ಬಟ್ಟೆಯ ಗಂಟು ಕಟ್ಟಿಸುವಾಗ, ಅಲ್ಲಿಯವರಿಗೆ ಅವರದೇ ಮಾತಿನಲ್ಲಿ ಕೇಳೋಣ: "ತುಮಚಾ ನಗರಸೇವಕ ಪಾಣ್ಯಾಬದ್ದಲ ಕಾಯ ಮ್ಹಣತೋ?" ನಿಮ್ಮ ಸದಸ್ಯ ನೀರಿನ ವಿಷಯ ಏನಂತಾನ? ಅದೇ ಪ್ರಶ್ನೆಯನ್ನು ನಿಪ್ಪಾಣಿ, ಸಂಕೇಶ್ವರ, ಬೆಳಗಾವಿಯ ನಮ್ಮ ಸದಸ್ಯರಿಗೂ ಕನ್ನಡದಲ್ಲಿ ಕೇಳೋಣ. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ.